ಕಚ್ಚಾ ತೈಲ, ಭತ್ತದ ಹೊಟ್ಟು, ನಮ್ಮೂರ ಲೆಕ್ಕ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಒಂದೇ ಒಂದು ತೈಲಬಾವಿ ಇಲ್ಲ. ಆದ್ರೂ ಇವತ್ತಿನ ಎಪಿಸೋಡು ಕಚ್ಚಾ ತೈಲದ್ದು. ಯಾಕಂದ್ರೆ ಈ ಕಥೆಗೆ ಹೊಲದ ಕಸವೂ ಸೇರ್ಕೊಳ್ತಾ ಇದೆ.

ಬಾವಿಯಿಂದ ತೈಲದ ಜೊತೆ ಉಪ್ಪುನೀರೂ ಬರುತ್ತೆ. ಎಣ್ಣೆ-ನೀರು ಬೆರೆಯಲ್ಲ ಅಂತೀವಲ್ಲ, ಇಲ್ಲಿ ಬಿಡಿಸೋದೇ ಕಷ್ಟ. ತೈಲದಲ್ಲಿರೋ ಆಸ್ಫಾಲ್ಟೀನ್ ಅನ್ನೋ ಪದಾರ್ಥ ಪ್ರತಿ ನೀರಹನಿಯ ಸುತ್ತ ಪೊರೆ ಕಟ್ಟುತ್ತೆ. ಹನಿಗಳು ಒಂದಕ್ಕೊಂದು ಕೂಡಲ್ಲ, ತಳಕ್ಕೂ ಇಳಿಯಲ್ಲ. ಬೆಣ್ಣೆ ನೆನಪಿಸ್ಕೊಳ್ಳಿ: ಒಳಗೆ ಅಡಗಿದ ನೀರು ಕಾಯಿಸಿದಾಗಲೇ ಚಟಪಟ ಅನ್ನೋದು. ತೈಲದಲ್ಲಿ ಆ ನೀರು ಉಳಿದರೆ ಅದರ ಉಪ್ಪು ರಿಫೈನರಿಯ ಪೈಪುಗಳನ್ನೇ ತಿಂದುಹಾಕುತ್ತೆ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಮೊದಲಿಗ ಅಮೆರಿಕದ ಸೇಂಟ್ ಲೂಯಿಸ್‌ನ ರಸಾಯನಶಾಸ್ತ್ರಜ್ಞ ವಿಲಿಯಂ ಬಾರ್ನಿಕೆಲ್. 1914ರಲ್ಲಿ ಪೇಟೆಂಟ್ ಪಡೆದ. ಅವನ ಮೊದಲ ಮದ್ದು ಫೆರಸ್ ಸಲ್ಫೇಟ್. ಆಮೇಲೆ ಸೋಪು ಬಂತು, ಗಂಧಕಾಮ್ಲದಲ್ಲಿ ಹದಮಾಡಿದ ಹರಳೆಣ್ಣೆ ಬಂತು. ಅಂದ್ರೆ ನೋಡಿ, ಹೊಲದ ಬೆಳೆ ತೈಲಬಾವಿ ಹತ್ರ ಹೋಗಿದ್ದು ಹೊಸದೇನಲ್ಲ. ಮುಂದೆ ಪೆಟ್ರೋಲಿಯಂನಿಂದಲೇ ಮಾಡಿದ ಪಾಲಿಮರ್‌ಗಳು ಆ ಜಾಗ ಹಿಡಿದವು.

ಈಗ ಚಕ್ರ ತಿರುಗ್ತಿದೆ. ಭತ್ತದ ಹೊಟ್ಟಿನಿಂದ ಮಾಡಿದ ಇಂಗಾಲದ ಪುಡಿಯನ್ನ ಚೀನಾದ ಸಂಶೋಧಕರು ಇದೇ ಕೆಲಸಕ್ಕೆ ಪರೀಕ್ಷಿಸಿದ್ದಾರೆ. ಪುಡಿ ಹೋಗಿ ಆ ಪೊರೆಯನ್ನ ಸಡಿಲ ಮಾಡುತ್ತೆ, ಹನಿಗಳು ಕೂಡಿ ದಪ್ಪವಾಗಿ ಕೆಳಗಿಳಿಯುತ್ತವೆ. ಗೋಡಂಬಿ ಸಿಪ್ಪೆಯ ಎಣ್ಣೆಯಲ್ಲಿ ಸಿಗೋ ಕಾರ್ಡನಾಲ್‌ನಿಂದಲೂ ಇಂಥ ಮದ್ದು ತಯಾರಿಸಿದ್ದಾರೆ.

ಗೋಡಂಬಿ ಅಂದ್ಮೇಲೆ ಮಂಗಳೂರಿಗೆ ಹೋಗಲೇಬೇಕು. 1920ರ ದಶಕದಿಂದ ಅಲ್ಲಿ ಗೋಡಂಬಿ ಕಾರ್ಖಾನೆಗಳಿವೆ. 1990ರ ದಶಕದಲ್ಲಿ ಎಂಆರ್‌ಪಿಎಲ್ ರಿಫೈನರಿಯೂ ಬಂತು. ಬಿಸಾಡೋ ಸಿಪ್ಪೆಯ ಎಣ್ಣೆ ಬ್ರೇಕ್ ಲೈನಿಂಗ್‌ಗೆ, ಪೇಂಟ್‌ಗೆ ಕಚ್ಚಾವಸ್ತು ಆಯ್ತು. ಆದ್ರೆ ಸಿಪ್ಪೆ ಸೇರೋದು ಕಾರ್ಖಾನೆಯಲ್ಲಿ. ಅದಕ್ಕೆ ಬೆಲೆ ಬಂದಾಗ ಮಾರೋನು ಬೆಳೆಗಾರ ಅಲ್ಲ, ಕಾರ್ಖಾನೆಯವನು.

ನಾನು ಕಾಮರ್ಸ್ ಓದಿದವನು, ನನ್ನ ಕಣ್ಣು ಹೋಗೋದು ಇಲ್ಲಿಗೇ. ಯಳಂದೂರಿನ ಭತ್ತದ ಹೊಟ್ಟು, ಹನೂರಿನ ಜೋಳದ ದಿಂಡು, ಕುಂತೂರಿನ ಕಬ್ಬಿನ ಸಿಪ್ಪೆ, ಇವು ನಿಜಕ್ಕೂ ‘ಕಸ’ನಾ? ಹೊಟ್ಟು ಮಿಲ್ಲಿನ ಬಾಯ್ಲರ್‌ಗೆ ಬೇಕು, ದಿಂಡು ಮನೆಯ ಒಲೆಗೆ ಬೇಕು, ಸಿಪ್ಪೆಯಿಂದ ಸಕ್ಕರೆ ಕಾರ್ಖಾನೆಗಳು ಕರೆಂಟೇ ಮಾಡ್ತವೆ. ಇವತ್ತು ಒಲೆಗೆ ಪುಕ್ಕಟೆ ಸಿಗೋ ದಿಂಡಿಗೆ ನಾಳೆ ರೇಟು ಕಟ್ಟಿದ್ರೆ, ಜಮೀನಿಲ್ಲದ ಮನೆಯವರು ಏನು ಉರಿಸಬೇಕು?

ಹಾಗಂತ ಬೇಡ ಅಂತಲ್ಲ. ಲಾಭ ಇರೋದು ಕಸದಲ್ಲಲ್ಲ, ಕಸವನ್ನ ಪುಡಿಯಾಗಿಸೋ ಯಂತ್ರದಲ್ಲಿ. ಆ ಯಂತ್ರ ರೈತರ ಸಂಘದ ಶೆಡ್ಡಲ್ಲಿ ಇರುತ್ತೋ, ದೂರದ ಕಂಪನಿಯ ಗೋಡೌನಲ್ಲೋ ಅನ್ನೋದನ್ನ ಲಾರಿ ಬಂದು ನಿಲ್ಲೋಕೆ ಮುಂಚೆ ನಾವೇ ಕೇಳ್ಬೇಕು.