ಉಸ್ಮಾನಿಯಾ ವಿದ್ಯಾಪೀಠದ ಕಟ್ಟಡವೂ ಕನ್ನಡ ವಿದ್ಯಾರ್ಥಿಗಳೂ

‘ವಾಸ್ತು’ ಎಂಬ ಶಬ್ದವು ವಾಸಾರ್ಥಕವಾದ ‘ವಸ್’ ಧಾತುವಿನಿಂದ ಹುಟ್ಟಿದುದು. ಆದುದರಿಂದ ಕಟ್ಟಡದ ವಿಚಾರವು ಕಲ್ಲಿನ ವಿಚಾರದೊಡನೆಯೇ ಮುಗಿಯುವುದಿಲ್ಲ. ಅದರಲ್ಲಿ ವಾಸಿಸುವವರ ವಿಚಾರವೂ ಅದಕ್ಕೆ ಸೇರಿದುದೇ ಆಗಿದೆ. ವಿದ್ಯಾಮಂದಿರವು ತನ್ನಲ್ಲಿ ಕಲಿಯುವವರ ಸ್ವತ್ವಭಾವನೆಯನ್ನು ಎಷ್ಟರಮಟ್ಟಿಗೆ ರೂಪಿಸಬಲ್ಲುದೆಂಬುದಕ್ಕೆ ಹೈದರಾಬಾದಿನ ಉಸ್ಮಾನಿಯಾ ವಿದ್ಯಾಪೀಠವು ಒಳ್ಳೆಯ ನಿದರ್ಶನವು.

ಕವಿತಾಳ, ಮಾನ್ವಿ, ದೇವದುರ್ಗಗಳನ್ನೊಳಗೊಂಡ ರಾಯಚೂರು ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು. ಆ ಸಂಸ್ಥಾನಕ್ಕೆಲ್ಲ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ಒಂದೇ ವಿದ್ಯಾಪೀಠವಾಗಿದ್ದುದರಿಂದ, ಉನ್ನತ ವಿದ್ಯೆಯನ್ನು ಬಯಸಿದ ಇಲ್ಲಿನ ತರುಣರಿಗೆ ಅದೇ ಮುಖ್ಯವಾದ ಆಶ್ರಯವಾಗಿದ್ದಿತು.

ಅಲ್ಲಿಯ ಕಲಾಶಾಲೆಯ ಭವನಕ್ಕೆ 1934ರಲ್ಲಿ ಅಸ್ತಿಭಾರವನ್ನಿಟ್ಟು, 1939ರಲ್ಲಿ ಪ್ರವೇಶೋತ್ಸವವನ್ನು ನೆರವೇರಿಸಿದರು. ಇದರ ಶಿಲ್ಪಿಯು ಬೆಲ್ಜಿಯಂ ದೇಶದ ಜಾಸ್ಪರ್ ಎಂಬವನು. ನಸುಗೆಂಪು ಕಣಶಿಲೆಯ ಈ ಭವನದಲ್ಲಿ ಅಜಂತಾ ಎಲ್ಲೋರಾಗಳ ಗುಹಾಲಯಗಳನ್ನು ನೆನಪಿಗೆ ತರುವ ಕಂಬಗಳೂ, ಮುಸಲ್ಮಾನ ಶಿಲ್ಪರೀತಿಯ ಕಮಾನುಗಳೂ ಕೂಡಿಕೊಂಡಿವೆ. ಉಭಯ ಮತಗಳ ಪ್ರಜೆಗಳೂ ಒಂದೇ ಸಂಸ್ಥಾನದವರೆಂಬುದೇ ಈ ಕೂಟದ ತಾತ್ಪರ್ಯವು. ಎಲ್ಲೋರಾದ ಕೈಲಾಸವನ್ನು ಕೊರೆಯಿಸಿದವನು ರಾಷ್ಟ್ರಕೂಟ ಒಂದನೆಯ ಕೃಷ್ಣನು. ಆ ವಂಶದವರಿಗೆ ಮುಂದೆ ರಾಜಧಾನಿಯಾದ ಮಾನ್ಯಖೇಟವು ಇದೇ ಸಂಸ್ಥಾನದ ಕನ್ನಡ ಭಾಗದಲ್ಲಿದ್ದಿತು. ಹೀಗಿರಲು ಕನ್ನಡ ವಿದ್ಯಾರ್ಥಿಯು ಆ ಕಂಬಗಳಲ್ಲಿ ತನ್ನ ಪೂರ್ವಿಕರ ಕೈಯನ್ನು ಕಾಣುವುದು ಅಸಹಜವಲ್ಲ.

ಆದರೆ ಕಂಬವು ಬರಮಾಡಿಕೊಂಡವನನ್ನು ಪಾಠವು ಹಾಗೆ ಬರಮಾಡಿಕೊಳ್ಳಲಿಲ್ಲ. ಬೋಧನೆಯ ಭಾಷೆಯು ಉರ್ದುವಾಗಿದ್ದಿತು. ಮನೆಯಲ್ಲಿ ಕನ್ನಡವನ್ನಾಡುವವನು ತರ್ಕವನ್ನೂ ಚರಿತ್ರೆಯನ್ನೂ ಅದರಲ್ಲಿಯೇ ಕಲಿಯಬೇಕಾಗಿದ್ದಿತು. ಭವನದ ಕೆಲಸವು ಇನ್ನೂ ನಡೆಯುತ್ತಿರುವಾಗಲೇ, 1938ರ ಕೊನೆಯಲ್ಲಿ, ವಿದ್ಯಾರ್ಥಿನಿಲಯದ ಪ್ರಾರ್ಥನಾಮಂದಿರದಲ್ಲಿ ‘ವಂದೇ ಮಾತರಂ’ ಗೀತವನ್ನು ಹಾಡಿದುದಕ್ಕಾಗಿ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರದ ವಿದ್ಯಾಪೀಠವನ್ನು ಸೇರಿ ವ್ಯಾಸಂಗವನ್ನು ಮುಂದುವರಿಸಿದರು. ಕಲ್ಲಿನಲ್ಲಿ ಸಾಧಿಸಲೆತ್ತಿಕೊಂಡ ಸಮನ್ವಯವು ಪ್ರಾರ್ಥನೆಯ ಕೊಠಡಿಯಲ್ಲಿ ಮುರಿದುಬಿದ್ದಿತು.

1948ರ ತರುವಾಯ ಉರ್ದು ಮಾಧ್ಯಮವು ಹೋಯಿತು; ಕಂಬಕಮಾನುಗಳು ಇದ್ದಂತೆಯೇ ಉಳಿದವು. ಇದರಿಂದ ಶಿಲ್ಪವು ನಿಷ್ಫಲವೆಂದು ತಿಳಿಯಬಾರದು. ಸ್ವಾಗತದ ಮಾತನ್ನು ಅದು ಮೊದಲಾಗಿ ಆಡುತ್ತದೆ; ಆ ಮಾತನ್ನು ನಡೆಯಿಸಿಕೊಡಬೇಕಾದುವು ಒಳಗಿನ ಭಾಷೆಯೂ ನಡಾವಳಿಯೂ. ರಾಯಚೂರಿನ ಬಳಿಯ ಯರಗೇರಾದಲ್ಲಿ ಈಗ ಈ ಸೀಮೆಗೇ ಒಂದು ವಿಶ್ವವಿದ್ಯಾಲಯವಿದೆ. ಅಲ್ಲಿ ಇನ್ನು ಮುಂದೆ ಏಳುವ ಭವನಗಳ ಕಂಬಗಳು ಹೇಗಿರಬೇಕೆಂಬ ವಿಚಾರಕ್ಕಿಂತ, ಕವಿತಾಳದಿಂದ ಹೋದ ಹುಡುಗನೂ ಹುಡುಗಿಯೂ ಅಲ್ಲಿ ಯಾವ ಅಳುಕೂ ಇಲ್ಲದೆ ತಮ್ಮ ಮಾತಿನಲ್ಲಿ ಪ್ರಶ್ನೆಯನ್ನು ಕೇಳಬಲ್ಲರೆ ಎಂಬ ವಿಚಾರವೇ ಮೊದಲು ಬರತಕ್ಕದ್ದು.