ಮೂಕನೂ ಮಾಡಬಲ್ಲದ್ದು: ಶುಕ್ರನೀತಿಯ ಕಲಾಲಕ್ಷಣ

ಕಲೆಗೆ ಲಕ್ಷಣ ಹೇಳಹೊರಟವರು ಸಾಮಾನ್ಯವಾಗಿ ಸೌಂದರ್ಯದಿಂದಲೋ ರಸದಿಂದಲೋ ತೊಡಗುತ್ತಾರೆ. ಶುಕ್ರನೀತಿ ಎಂಬ ಸಂಸ್ಕೃತ ರಾಜನೀತಿ ಗ್ರಂಥದ ದಾರಿ ಬೇರೆ. ಮಾತಿನಿಂದ ನಡೆಯುವುದು ವಿದ್ಯೆ, ಮೂಕನೂ ಮಾಡಬಲ್ಲದ್ದು ಕಲೆ ಎಂದು ಅದರ ನಾಲ್ಕನೆಯ ಅಧ್ಯಾಯ ಗೆರೆ ಎಳೆಯುತ್ತದೆ. ವಿದ್ಯೆಗಳನ್ನು 32 ಎಂದೂ ಕಲೆಗಳನ್ನು 64 ಎಂದೂ ಎಣಿಸುತ್ತದೆ. ಈಗ ದೊರೆಯುವ ಪಠ್ಯದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ಅದನ್ನು 19ನೆಯ ಶತಮಾನದವರೆಗೂ ಈಚೆಗೆ ತಂದಿದ್ದಾರೆ. ಆದ್ದರಿಂದ ಇದನ್ನು ಪ್ರಾಚೀನ ಭಾರತದ ಕಲಾದೃಷ್ಟಿಯೆಂದು ಮುಂದಿಡುವುದು ತಪ್ಪಾದೀತು. ಗ್ರಂಥ ಎಷ್ಟೇ ಈಚಿನದಾಗಿರಲಿ, ಇಷ್ಟು ನೇರವಾದ ಲಕ್ಷಣ ಅಪರೂಪ.

ಅದರ ಪಟ್ಟಿಯಲ್ಲಿ ನರ್ತನ, ವಾದ್ಯ, ಚಿತ್ರಲೇಖನಗಳ ಜೊತೆಗೇ ಹಾಲು ಕರೆಯುವುದರಿಂದ ತುಪ್ಪ ಕಾಯಿಸುವವರೆಗಿನ ಕೆಲಸ, ಈಜು, ಬಟ್ಟೆ ಒಗೆತ, ಪಾತ್ರೆ ಬೆಳಗುವುದು, ಕ್ಷೌರ, ಕೂಸನ್ನು ಎತ್ತಿ ಆಡಿಸುವುದು ಎಲ್ಲವೂ ಬರುತ್ತವೆ. ಇದನ್ನು ಕಲಸುಮೇಲೋಗರವೆಂದು ತಳ್ಳಿಹಾಕುವವರು ಲಕ್ಷಣವನ್ನು ಮರೆತಿರುತ್ತಾರೆ. ಕೆಚ್ಚಲಿಗೆ ಕೈ ಹಾಕುವ ಬಗೆಯನ್ನು ಎಷ್ಟು ಬಾಯಲ್ಲಿ ಹೇಳಿಕೊಟ್ಟರೂ ಕೈ ಪಳಗದೆ ಹಾಲು ಇಳಿಯದು. ಕುಂಚ ಹಿಡಿದವನ ಪಾಡೂ ಅದೇ. ‘ಕೈ ಪಳಗಿದೆ’ ಎಂಬ ನಮ್ಮ ಮಾತು ಶುಕ್ರನೀತಿಯ ಲಕ್ಷಣಕ್ಕೆ ಯಾವ ವ್ಯಾಖ್ಯಾನಕ್ಕಿಂತಲೂ ಹತ್ತಿರವಾಗಿದೆ.

ತೊಡಕು ಇರುವುದು ಹಾಡಿನಲ್ಲಿ. ವಾತ್ಸ್ಯಾಯನನ ಕಾಮಸೂತ್ರವೂ 64 ಕಲೆಗಳನ್ನು ಹೇಳುತ್ತದೆ. ಅಲ್ಲಿ ಮೊದಲನೆಯದೇ ಗೀತ. ಕಾವ್ಯರಚನೆ, ಪುಸ್ತಕವಾಚನ, ಒಗಟು, ದೇಶಭಾಷೆಗಳ ಅರಿವು, ಗಿಳಿಗೆ ಮಾತು ಕಲಿಸುವುದು ಕೂಡ ಅಲ್ಲಿ ಕಲೆಗಳೇ. ಇವು ಯಾವುವೂ ಮೂಕನ ಪರೀಕ್ಷೆಯಲ್ಲಿ ನಿಲ್ಲಲಾರವು. ಎರಡು ಪಟ್ಟಿಗಳಿಗೆ ಸಂಖ್ಯೆ ಒಂದೇ, ಲಕ್ಷಣ ಒಂದಲ್ಲ. ‘ಅರವತ್ತನಾಲ್ಕು ಕಲೆ’ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಈ ಭೇದ ಅಳಿಸಿಹೋಗುತ್ತದೆ.

ಕಲೆಗಳಿಗೆ ಬೇರೆಯೇ ಗೆರೆ ಎಳೆದವರೂ ಇದ್ದಾರೆ. ಫ್ರಾನ್ಸಿನ ಚಿಂತಕ ಶಾರ್ಲ್ ಬಾತ್ಯೂ 1746ರಲ್ಲಿ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯಗಳನ್ನು ಸುಂದರ ಪ್ರಕೃತಿಯ ಅನುಕರಣೆ ಎಂಬ ಒಂದೇ ತತ್ತ್ವಕ್ಕೆ ಕಟ್ಟಿದ. ಇಂದು ನಾವು ‘ಲಲಿತಕಲೆ’ ಎನ್ನುವಾಗ ಮನಸ್ಸಿಗೆ ಬರುವುದು ಹೆಚ್ಚಾಗಿ ಇಂಥ ಗುಂಪೇ. ಹಾಲು ಕರೆಯುವವಳಿಗೆ ಅದರಲ್ಲಿ ಜಾಗವಿಲ್ಲ. ರಂಗೋಲಿ ಹಾಕುವವಳನ್ನೂ ‘ಜನಪದ ಕಲೆ’ ಎಂಬ ಬೇರೆ ಪಂಕ್ತಿಯಲ್ಲಿ ಕೂರಿಸುತ್ತೇವೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹಾಗೆ ಮಾಡಲಿಲ್ಲ. 12ನೆಯ ಶತಮಾನದ ಅವನ ಮಾನಸೋಲ್ಲಾಸ ಚಿತ್ರಪ್ರಭೇದಗಳನ್ನು ಹೇಳುವಾಗ, ಕಂಡ ವಸ್ತುವನ್ನು ಕನ್ನಡಿಯಲ್ಲಿ ಕಂಡಂತೆ ಬರೆಯುವ ವಿದ್ಧಚಿತ್ರದ ಸಾಲಿನಲ್ಲೇ ಪುಡಿಯಿಂದ ಬಿಡಿಸುವ ಧೂಳಿಚಿತ್ರವನ್ನೂ ಇಡುತ್ತದೆ. ಗೋಡೆಯ ಮೇಲೆ ಉಳಿಯುವ ಬಣ್ಣಕ್ಕೂ ಕಾಲ್ತುಳಿತಕ್ಕೆ ಅಳಿಯುವ ಪುಡಿಗೂ ಅಲ್ಲಿ ‘ಚಿತ್ರ’ ಎಂಬ ಒಂದೇ ಹೆಸರು.