ಮಾರೋದಕ್ಕೂ ಮಿತಿ ಯಾಕೆ?

ಅಟ್ಟದ ಮೇಲಿನ ಹಳೇ ಸಾಮಾನು ಮಾರೋಣ ಅಂತ ನೀವು ಈಬೇಯಲ್ಲಿ ಹೊಸ ಖಾತೆ ತೆರೆದಿರಿ ಅಂತಿಟ್ಟುಕೊಳ್ಳಿ. ಒಂದಷ್ಟು ವಸ್ತು ಹಾಕುವಷ್ಟರಲ್ಲಿ ಈ ತಿಂಗಳ ಮಿತಿ ಮುಗೀತು ಅನ್ನುತ್ತೆ. ‘ನಾನೇನು ಕಳ್ಳನಾ?’ ಅಂತ ಸಿಟ್ಟು ಬರೋದು ಸಹಜವೇ.

ಶುರುವಿನಲ್ಲಿ ಹೀಗಿರಲಿಲ್ಲ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ಇದನ್ನು ತೆರೆದಾಗ ಅದರ ಹೆಸರು ‘ಆಕ್ಷನ್‌ವೆಬ್’. ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, ಅದೂ 14.83 ಡಾಲರಿಗೆ! ಜನ ಒಳ್ಳೆಯವರು ಅನ್ನೋ ನಂಬಿಕೆಯೇ ಅಲ್ಲಿ ಬಂಡವಾಳ. ಸಂತೆಯಲ್ಲಾದರೆ ಮುಖ ನೋಡಿ ನಂಬ್ತೀವಿ. ಇಲ್ಲಿ ಮುಖವೇ ಇಲ್ಲ. ಹಾಗಾಗಿ 1996ರಲ್ಲಿ ಕೊಂಡವರು, ಮಾರಿದವರು ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವ ವ್ಯವಸ್ಥೆ ಬಂತು.

ಅದೂ ಸಾಲಲಿಲ್ಲ. 1999ರ ಫೆಬ್ರವರಿಯಲ್ಲಿ ಬಂದೂಕು ಮಾರಾಟಕ್ಕೆ ನಿಷೇಧ ಬಿತ್ತು. ಅದೇ ಸೆಪ್ಟೆಂಬರಿನಲ್ಲಿ ಯಾರೋ ಮನುಷ್ಯನ ಕಿಡ್ನಿಯನ್ನೇ ಹರಾಜಿಗಿಟ್ಟರು. ಕಂಪನಿ ಅದನ್ನು ತೆಗೆಯುವ ಹೊತ್ತಿಗೆ ಕೂಗು 57 ಲಕ್ಷ ಡಾಲರ್ ಮುಟ್ಟಿತ್ತು. ಏನನ್ನು ಮಾರಬಾರದು ಅನ್ನೋ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬಂತು: ಯಾರು, ಎಷ್ಟು ಮಾರಬಹುದು?

2000ದ ನವೆಂಬರಿನಲ್ಲಿ ಅಮೆಜಾನ್ ತನ್ನ ಸರಕಿನ ಪಕ್ಕದಲ್ಲೇ ಹೊರಗಿನವರ ಸರಕಿಗೂ ಜಾಗ ಕೊಟ್ಟಿತು. ಇವತ್ತು ಅಲ್ಲಿ ಕೆಲವು ವಿಭಾಗಗಳಲ್ಲಿ ಮಾರಬೇಕಾದರೆ ಮೊದಲು ಅನುಮತಿ ಬೇಕು. ನಕಲಿ ಮಾಲು ತಡೆಯೋಕೆ ಇದು ಬೇಕೇ ಬೇಕು, ನಿಜ. ಆದರೆ ಅನುಮತಿ ಕೊಡೋರೂ ಅವರೇ, ಪಕ್ಕದಲ್ಲಿ ಅಂಗಡಿ ಇಟ್ಟೋರೂ ಅವರೇ. ಬೇಲಿ ಇರಲಿ, ಬೇಲಿಯೇ ಹೊಲ ಮೇಯದಂತೆ ನೋಡಿಕೊಳ್ಳೋರು ಯಾರು, ನೀವೇ ಹೇಳಿ?